ರೈನ್ ತೀರದ ಸುಂಕದ ಕೋಟೆಗಳು

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂದು ನಮ್ಮಲ್ಲಿ ಗಾದೆಯುಂಟು. ಜರ್ಮನಿಯ ರೈನ್ ನದಿಯ ದಡದಲ್ಲಿ ಬೈಸಿಕಲ್ ಸವಾರಿ ಹೊರಡುವವರು ಈ ಗಾದೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಒಳ್ಳೆಯದು. ಬಿಂಗೆನ್ ಪಟ್ಟಣದಿಂದ ಕೋಬ್ಲೆನ್ಸ್‌ವರೆಗೆ ಸುಮಾರು 65 ಕಿಲೊಮೀಟರುಗಳ ಈ ಕಣಿವೆಯನ್ನು ಯುನೆಸ್ಕೊ ಸಂಸ್ಥೆಯು 2002ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಎರಡು ದಡಗಳಲ್ಲಿಯೂ ದ್ರಾಕ್ಷಿಯ ತೋಟಗಳು. ಅವುಗಳ ಮೇಲೆ, ಹೆಜ್ಜೆಹೆಜ್ಜೆಗೆಂಬಂತೆ, ಕೋಟೆಗಳು. ಇಷ್ಟು ಸಣ್ಣ ಸೀಮೆಯಲ್ಲಿ ಇಷ್ಟೊಂದು ಕೋಟೆಗಳೇಕೆ? ನಾವು ಈ ಹೊತ್ತು ಎಡದಡದ ದಾರಿಯನ್ನು ಹಿಡಿದು, ಹೊಳೆಯ ಹರಿವಿನೊಡನೆಯೇ ಸಾಗುತ್ತ ಈ ಪ್ರಶ್ನೆಯನ್ನು ವಿಚಾರಿಸೋಣ.

ಬಿಂಗೆನ್ನಿನ ಬಳಿ, ನದಿಯ ನಡುವಣ ಸಣ್ಣ ದ್ವೀಪದ ಮೇಲೆ ಒಂದು ಗೋಪುರವಿದೆ. ಅದಕ್ಕೆ ಇಲಿಗೋಪುರವೆಂದು ಹೆಸರು. ಕ್ಷಾಮಕಾಲದಲ್ಲಿ ಹಸಿದ ಬಡವರನ್ನು ಕಣಜದಲ್ಲಿ ಕೂಡಿಹಾಕಿ ಸುಡಿಸಿದ ಹಾಟೊ ಎಂಬ ಧರ್ಮಾಧಿಕಾರಿಯನ್ನು ಇಲಿಗಳು ಇಲ್ಲಿಯೇ ತಿಂದುಹಾಕಿದವೆಂದು ಕಥೆ. ಚರಿತ್ರೆ ಹೇಳುವುದು ಬೇರೆ: ಈ ಗೋಪುರವು ಮೈನ್ಸ್ ನಗರದ ಆರ್ಚ್‌ಬಿಷಪರ ಸುಂಕದ ಕಾವಲು. ಕಥೆ ಸುಳ್ಳಿರಬಹುದು, ಆದರೆ ಸುಂಕ ಕೊಟ್ಟವರ ಮನಸ್ಸಿನ ಕಹಿ ಸುಳ್ಳಲ್ಲ.

ಇನ್ನು ಬಾಖರಾಖ್. ಊರಿನ ಮೇಲೆ ಷ್ಟಾಲೆಕ್ ಕೋಟೆ. 14ನೆಯ ಲೂಯಿಯ ಫ್ರೆಂಚ್ ಸೇನೆ 1689ರಲ್ಲಿ ಅದನ್ನು ಸಿಡಿಮದ್ದಿನಿಂದ ಒಡೆಯಿತು. ಇಪ್ಪತ್ತನೆಯ ಶತಮಾನದಲ್ಲಿ ಅದು ಮತ್ತೆ ಎದ್ದು, ಎಳೆಯರು ತಂಗುವ ಬಿಡಾರವಾಯಿತು. ಅದರ ಕೆಳಗೆ ಮೇಲ್ಛಾವಣಿಯಿಲ್ಲದೆ ನಿಂತ ವೆರ್ನರ್ ಪ್ರಾರ್ಥನಾಮಂದಿರವನ್ನು ಎಲ್ಲರೂ ಮೆಚ್ಚಿ ನೋಡುತ್ತಾರೆ. ನಾವಾದರೋ ಸ್ವಲ್ಪ ನಿಲ್ಲಬೇಕು. 1287ರಲ್ಲಿ ವೆರ್ನರ್ ಎಂಬ ಬಾಲಕನ ಶವ ಸಿಕ್ಕಿತು. ಕೊಂದವರು ಯೆಹೂದ್ಯರೆಂದು ಆಧಾರವಿಲ್ಲದ ಅಪವಾದ ಹುಟ್ಟಿತು. ಈ ತೀರದ ಊರುಗಳಲ್ಲಿ ಯೆಹೂದ್ಯರ ಕೊಲೆಗಳಾದವು. ಆ ಬಾಲಕನನ್ನು ಸಂತನೆಂದು ಪೂಜಿಸುವುದಕ್ಕಾಗಿಯೇ ಈ ಸುಂದರ ಕಮಾನುಗಳು ಏರಿದವು. ತ್ರಿಯೆರ್ ಧರ್ಮಪ್ರಾಂತವು ಅವನ ಹೆಸರನ್ನು ತನ್ನ ಪಂಚಾಂಗದಿಂದ ತೆಗೆದದ್ದು 1963ರಲ್ಲಿ. ಕಲ್ಲಿನ ಚೆಲುವು ಕಲ್ಲಿನ ನಿರಪರಾಧಕ್ಕೆ ಸಾಕ್ಷಿಯಲ್ಲ.

ಮುಂದೆ ಹೋದರೆ ಹೊಳೆಯ ನಡುವೆ ಕಲ್ಲಿನ ಹಡಗಿನಂತೆ ಒಂದು ಕೋಟೆ ಕಾಣಬರುತ್ತದೆ. ಅದೇ ಪ್ಫಾಲ್ಸ್‌ಗ್ರಾಫೆನ್‌ಷ್ಟೈನ್. ಬವೇರಿಯದ ಲೂಡ್ವಿಗ್ ದೊರೆ 1326-27ರಲ್ಲಿ ಅದರ ಗೋಪುರವನ್ನು ಕಟ್ಟಿಸಿದ್ದು ಶತ್ರುವನ್ನು ತಡೆಯುವುದಕ್ಕೆಂದಲ್ಲ. ಹಾದುಹೋಗುವ ದೋಣಿಗಳಿಂದ ಸುಂಕ ವಸೂಲು ಮಾಡುವುದಕ್ಕೆ. ಎದುರುದಡದ ಕೌಬ್ ಊರೂ ಈ ದ್ವೀಪವೂ ಕೂಡಿ ನದಿಗೆ ಬಾಗಿಲು ಹಾಕಿದಂತಿದ್ದವು. ಇದೇ ಸ್ಥಳದಲ್ಲಿ 1813ರ ಕಡೆಯ ರಾತ್ರಿ ಪ್ರಷ್ಯದ ಸೇನಾಪತಿ ಬ್ಲೂಖರ್ ನೆಪೋಲಿಯನ್ನನನ್ನು ಬೆನ್ನಟ್ಟುತ್ತ ತನ್ನ ದಂಡನ್ನು ನದಿ ದಾಟಿಸತೊಡಗಿದನು.

ಲೋರೆಲೈ ಬಂಡೆಯ ತಿರುವಿನಲ್ಲಿ ನದಿ ಇಕ್ಕಟ್ಟಾಗುತ್ತದೆ. ಬಂಡೆಯ ಮೇಲೆ ಕುಳಿತು ಅಂಬಿಗರನ್ನು ಮರುಳುಮಾಡುವ ಸುಂದರಿಯ ಕಥೆ ಜಗತ್ಪ್ರಸಿದ್ಧ. ಆದರೆ ಅದು ಪುರಾತನವೇನೂ ಅಲ್ಲ, 1801ರಲ್ಲಿ ಬ್ರೆಂಟಾನೊ ಕವಿ ಹುಟ್ಟಿಸಿದ್ದು. ಅಂಬಿಗನಿಗೆ ನಿಜವಾದ ಭಯಗಳು ಸುಳಿ, ಬಂಡೆ ಮತ್ತು ಮುಂದಿನ ತಿರುವಿನ ಸುಂಕಕಟ್ಟೆ. ಆ ತಿರುವಿನಾಚೆ ಸಾಂಕ್ಟ್ ಗೋಅರ್ ಊರಿನ ಮೇಲೆ ರೈನ್‌ಫೆಲ್ಸ್ ಕೋಟೆಯಿದೆ. ಕಾಟ್ಸೆನೆಲ್ನ್‌ಬೋಗನ್ ವಂಶದ ಪ್ರಭು ಅದನ್ನು 1245ರಲ್ಲಿ ಕಟ್ಟಿಸಿದನು. ಅವನ ಸುಂಕದ ಭಾರವನ್ನು ತಾಳಲಾರದೆ ರೈನ್ ತೀರದ ನಗರಗಳು ಒಂದುಗೂಡಿ, 1255ರಲ್ಲಿ ಮುತ್ತಿಗೆ ಹಾಕಿ, ವರ್ಷಕ್ಕೂ ಮೀರಿ ಕಾದವು. ಕೋಟೆ ಬೀಳಲಿಲ್ಲ. 1692ರಲ್ಲಿ ಫ್ರೆಂಚರನ್ನೂ ಹಿಮ್ಮೆಟ್ಟಿಸಿದ ಈ ಕೋಟೆ, 1794ರಲ್ಲಿ ಕಾಳಗವಿಲ್ಲದೆಯೇ ಅವರ ಕೈಸೇರಿ, ಬಳಿಕ ಪಾಳುಬಿದ್ದಿತು.

ಹೀಗೆ ಪಾಳುಬಿದ್ದ ಮೇಲೆಯೇ ಕೋಟೆಗಳು ಸುಂದರವಾದವು! ಕವಿಗಳೂ ಚಿತ್ರಕಾರರೂ ಬಂದರು; ಅವರ ಹಿಂದೆ ರಾಜರು ಬಂದರು. ಕೋಬ್ಲೆನ್ಸಿನ ಸಮೀಪದ ಷ್ಟೋಲ್ಸೆನ್‌ಫೆಲ್ಸ್ 1823ರಲ್ಲಿ ಪ್ರಷ್ಯದ ಯುವರಾಜನಿಗೆ ಕಾಣಿಕೆಯಾಗಿ ಬಂದು, ಬೇಸಗೆಯ ಅರಮನೆಯಾಯಿತು. ನಮ್ಮ ಕಣ್ಣಿಗೆ ಮಧ್ಯಯುಗದಂತೆ ತೋರುವ ಎಷ್ಟೋ ಗೋಡೆಗಳು ಆ ಕಾಲದವರ ಕನಸುಗಳು.

ಸುಂಕದ ಕಥೆ ಮುಗಿದದ್ದು ಹೇಗೆ? ಒಬ್ಬ ಪ್ರಭುವಿನ ಕೋಟೆಯನ್ನು ಉರುಳಿಸಿದರೆ ಇನ್ನೊಬ್ಬನದು ನಿಂತೇ ಇರುತ್ತಿತ್ತು. ಎಲ್ಲರೂ ಕೂಡಿ ಒಪ್ಪಿದ ಹೊರತು ಹೊಳೆಗೆ ಬಿಡುಗಡೆಯಿರಲಿಲ್ಲ. 1868ರಲ್ಲಿ ತೀರದ ರಾಜ್ಯಗಳು ಮನ್‌ಹೈಮ್ ನಗರದಲ್ಲಿ ಮಾಡಿಕೊಂಡ ಒಪ್ಪಂದದಿಂದ ರೈನ್ ನದಿಯ ಸಂಚಾರ ಸುಂಕದಿಂದ ಮುಕ್ತವಾಯಿತು. ಮುತ್ತಿಗೆಯಿಂದಾಗದ ಕೆಲಸವನ್ನು ಒಂದು ಕಾಗದ ಮಾಡಿತು. ಬೈಸಿಕಲ್ಲಿನ ಮೂಲಪುರುಷನಾದ ಎರಡು ಚಕ್ರದ ಗಾಡಿಯನ್ನು ಕಾರ್ಲ್ ಡ್ರೈಸ್ 1817ರಲ್ಲಿ ಮೊದಲು ಓಡಿಸಿದ್ದೂ ಅದೇ ಮನ್‌ಹೈಮಿನಿಂದ.

ಆದುದರಿಂದ, ಕೋಬ್ಲೆನ್ಸಿನಲ್ಲಿ ಮೋಸೆಲ್ ನದಿ ರೈನನ್ನು ಕೂಡುವೆಡೆಯಲ್ಲಿ ಬೈಸಿಕಲ್ಲಿನಿಂದ ಇಳಿಯುವಾಗ ನಾವು ಒಮ್ಮೆ ಹಿಂದಿರುಗಿ ನೋಡೋಣ. ಯಾರೂ ನಮ್ಮನ್ನು ತಡೆಯಲಿಲ್ಲ. ಯಾರೂ ಕಾಸು ಕೇಳಲಿಲ್ಲ. ಈ ನಿರಾಳವಾದ ದಾರಿಗೆ ಬೇರೆಯವರು, ಬಹುಕಾಲ, ಬೆಲೆ ತೆತ್ತಿದ್ದಾರೆ.