ಹೈಡ್ರೋಜನ್ ಗಾಡಿಗೂ ಬ್ಯಾಟರಿ ಯಾಕೆ ಬೇಕು? ಟ್ಯಾಂಕಿನ ಶಕ್ತಿ, ಬ್ಯಾಟರಿಯ ಶಕ್ತಿ: ಪೂರ್ತಿ ಲೆಕ್ಕ ಇಲ್ಲಿದೆ

'ಹೈಡ್ರೋಜನ್ ಗಾಡಿ ಬಂದರೆ ಬ್ಯಾಟರಿ ಕಾಟ ತಪ್ಪುತ್ತೆ, ಚಾರ್ಜಿಂಗ್‌ಗೆ ಕಾಯೋದು ಬೇಡ, ಬಂಕ್‌ನಲ್ಲಿ ಐದು ನಿಮಿಷ ನಿಲ್ಲಿಸಿದರೆ ಸಾಕು' ಎಂಬ ಮಾತು ಟೀ ಅಂಗಡಿಯಿಂದ ವಾಟ್ಸ್‌ಆ್ಯಪ್ ಗ್ರೂಪ್‌ವರೆಗೆ ಓಡಾಡುತ್ತಿದೆ. ಎಲೆಕ್ಟ್ರಿಕ್ ಆಟೊ, ಗೂಡ್ಸ್ ಗಾಡಿ ಕೊಳ್ಳಲು ಹೊರಟವರಿಗೆ 'ಇನ್ನೆರಡು ವರ್ಷ ತಡೀರಿ' ಎಂದು ಸಲಹೆ ಕೊಡುವವರೂ ಇದ್ದಾರೆ. ಈ ಮಾತಿನಲ್ಲಿ ಅರ್ಧ ನಿಜ ಇದೆ. ಗ್ಯಾಸ್ ತುಂಬುವುದು ಬೇಗ ಮುಗಿಯುತ್ತದೆ, ಅದು ಸರಿ. ಆದರೆ ಬ್ಯಾಟರಿ ಇರೋದಿಲ್ಲ ಅನ್ನೋದು ತಪ್ಪು. ಇವತ್ತು ಮಾರಾಟದಲ್ಲಿರುವ ಹೈಡ್ರೋಜನ್ ಫ್ಯೂಯೆಲ್ ಸೆಲ್ ಕಾರುಗಳಲ್ಲೂ ಬ್ಯಾಟರಿ ಇದೆ. ಅದಕ್ಕೇ ಇವುಗಳನ್ನು ಹೈಬ್ರಿಡ್ ಅನ್ನೋದು.

ಹಾಗಾದರೆ ಬ್ಯಾಟರಿಗೆ ಅಲ್ಲೇನು ಕೆಲಸ? ಟ್ಯಾಂಕಿನಲ್ಲಿ ಎಷ್ಟು ಶಕ್ತಿ, ಬ್ಯಾಟರಿಯಲ್ಲಿ ಎಷ್ಟು? ಲೆಕ್ಕಕ್ಕೆ ಒಂದು ನಿಜವಾದ ಕಾರನ್ನೇ ಹಿಡಿಯಬಹುದು.

ಗಡ್ಕರಿ ಬಂದಿಳಿದ ಕಾರು

2022ರ ಮಾರ್ಚ್ 30ರಂದು ಕೇಂದ್ರ ಸಚಿವ ನಿತಿನ್ ಗಡ್ಕರಿ ಹೈಡ್ರೋಜನ್ ಕಾರಿನಲ್ಲಿ ಸಂಸತ್ ಭವನಕ್ಕೆ ಬಂದ ದೃಶ್ಯ ಟಿ.ವಿ.ಯಲ್ಲಿ ನೋಡಿದ್ದು ಹಲವರಿಗೆ ನೆನಪಿರಬಹುದು. ಅದು ಟೊಯೊಟಾ ಮಿರಾಯ್. ನಮ್ಮ ಬಿಡದಿಯಲ್ಲಿ ಕಾರ್ಖಾನೆ ಇರುವ ಟೊಯೊಟಾ ಕಿರ್ಲೋಸ್ಕರ್ ಮೋಟರ್ ಕಂಪನಿಯೇ ಐಕ್ಯಾಟ್ ಎಂಬ ವಾಹನ ಪರೀಕ್ಷಾ ಸಂಸ್ಥೆಯ ಜತೆ ಸೇರಿ ಅದನ್ನು ಇಲ್ಲಿನ ರಸ್ತೆ, ಹವಾಮಾನದಲ್ಲಿ ಓಡಿಸಿ ನೋಡುವ ಪ್ರಯೋಗ ಶುರು ಮಾಡಿತ್ತು. ಕಾರು ತಯಾರಾಗೋದು ಮಾತ್ರ ಜಪಾನಿನಲ್ಲಿ. 2014ರ ಡಿಸೆಂಬರ್‌ನಲ್ಲಿ ಮೊದಲ ಮಿರಾಯ್, 2020ರ ಡಿಸೆಂಬರ್‌ನಲ್ಲಿ ಎರಡನೇ ತಲೆಮಾರಿನ ಮಿರಾಯ್ ಅಲ್ಲಿ ಮಾರುಕಟ್ಟೆಗೆ ಬಂದವು.

ಎರಡನೇ ಮಿರಾಯ್‌ನಲ್ಲಿ ಮೂರು ಟ್ಯಾಂಕುಗಳಿವೆ. ಮೂರೂ ಸೇರಿ ಹಿಡಿಯುವುದು 5.6 ಕೆ.ಜಿ. ಹೈಡ್ರೋಜನ್. ಕರೆಂಟು ಹುಟ್ಟುವ ಜಾಗಕ್ಕೆ ಸ್ಟ್ಯಾಕ್ ಅಂತಾರೆ. ತೆಳ್ಳನೆಯ 330 ಸೆಲ್‌ಗಳನ್ನು ದೋಸೆ ಪೇರಿಸಿದ ಹಾಗೆ ಒಂದರ ಪಕ್ಕ ಒಂದು ಜೋಡಿಸಿದ ಪೆಟ್ಟಿಗೆ ಅದು. ಗರಿಷ್ಠ 128 ಕಿಲೊವಾಟ್ ಕೊಡುತ್ತದೆ. ಇದರ ಜತೆಗೆ 1.24 ಕಿಲೊವಾಟ್ ಅವರ್‌ನ ಲೀಥಿಯಂ ಅಯಾನ್ ಬ್ಯಾಟರಿ.

ಒಂದು ಕಿಲೊವಾಟ್ ಅವರ್ ಅಂದ್ರೆ ಕರೆಂಟ್ ಬಿಲ್‌ನಲ್ಲಿ ಬರುವ ಒಂದು ಯೂನಿಟ್. ಒಂದು ಕೆ.ಜಿ. ಹೈಡ್ರೋಜನ್‌ನಲ್ಲಿ ಸುಮಾರು 33 ಯೂನಿಟ್ ಶಕ್ತಿ ಅಡಗಿದೆ. 5.6 ಕೆ.ಜಿ.ಗೆ ಲೆಕ್ಕ ಹಾಕಿದರೆ 185 ಯೂನಿಟ್ ಆಸುಪಾಸು, ಅಂದ್ರೆ ಗೃಹಜ್ಯೋತಿಯ 200 ಯೂನಿಟ್ ಮಿತಿಗೆ ಸ್ವಲ್ಪ ಕಡಿಮೆ. ಬ್ಯಾಟರಿಯಲ್ಲಿರುವ 1.24 ಯೂನಿಟ್‌ನಲ್ಲಿ 1,000 ವಾಟ್‌ನ ಇಸ್ತ್ರಿ ಪೆಟ್ಟಿಗೆ ಒಂದೂಕಾಲು ಗಂಟೆ ಉರಿದರೆ ಮುಗೀತು. ಟ್ಯಾಂಕಿನ ಶಕ್ತಿಗೆ ಹೋಲಿಸಿದರೆ ಬ್ಯಾಟರಿ ನೂರೈವತ್ತರಲ್ಲಿ ಒಂದು ಪಾಲೂ ಇಲ್ಲ.

ಅಂದಮೇಲೆ ಕಾರು ಎಷ್ಟು ದೂರ ಹೋಗುತ್ತೆ ಅನ್ನೋದಕ್ಕೂ ಈ ಬ್ಯಾಟರಿಗೂ ಸಂಬಂಧವೇ ಇಲ್ಲ. ಹೈಡ್ರೋಜನ್ ಖಾಲಿಯಾದರೆ ಬ್ಯಾಟರಿ ಕಾರನ್ನು ಮುಂದಿನ ಊರು ಮುಟ್ಟಿಸುವುದೂ ಕಷ್ಟ. ಆದರೂ ಅದನ್ನು ತೆಗೆದು ಬಿಸಾಕುವ ಹಾಗಿಲ್ಲ.

ಬೋರ್‌ವೆಲ್ ಮತ್ತು ಓವರ್‌ಹೆಡ್ ಟ್ಯಾಂಕ್

ಒಂದೂವರೆ ಇಂಚು ನೀರು ಬರೋ ಬೋರ್‌ವೆಲ್ ಇರುವ ಹೋಟೆಲ್ ಒಂದನ್ನು ಊಹಿಸಿಕೊಳ್ಳಬಹುದು. ದಿನವಿಡೀ ಲೆಕ್ಕ ಹಾಕಿದರೆ ನೀರು ಧಾರಾಳ. ಆದರೆ ಮಧ್ಯಾಹ್ನ ಊಟದ ಹೊತ್ತಿಗೆ ಹತ್ತು ನಲ್ಲಿ ಒಟ್ಟಿಗೆ ತಿರುಗಿಸಿದರೆ ಬೋರ್‌ವೆಲ್ಲೊಂದೇ ಸಾಲದು. ಮೇಲೊಂದು ಸಿಂಟೆಕ್ಸ್ ಟ್ಯಾಂಕ್ ಇದ್ದರೆ ಪಂಪು ತನ್ನ ಪಾಡಿಗೆ ಒಂದೇ ಸಮ ಓಡುತ್ತದೆ, ರಶ್ ಅವರ್‌ಗೆ ಟ್ಯಾಂಕು ನೀರು ಕೊಡುತ್ತದೆ.

ಫ್ಯೂಯೆಲ್ ಸೆಲ್ ಆ ಬೋರ್‌ವೆಲ್ ಇದ್ದ ಹಾಗೆ. ಒಳಗೆ ನಡೆಯೋದು ಇಷ್ಟು: ಒಂದು ಕಡೆಯಿಂದ ಹೈಡ್ರೋಜನ್, ಇನ್ನೊಂದು ಕಡೆಯಿಂದ ಗಾಳಿ ಬರುತ್ತವೆ. ನಡುವೆ ತೆಳುವಾದ ಪೊರೆ. ಪ್ಲಾಟಿನಂ ಲೇಪದ ಮೇಲೆ ಹೈಡ್ರೋಜನ್ ಒಡೆದು ಪ್ರೋಟಾನ್ ಪೊರೆಯೊಳಗೆ ನುಸುಳುತ್ತದೆ. ಎಲೆಕ್ಟ್ರಾನ್ ಆ ಕಡೆ ಹೋಗಲಾಗದೆ ವೈರ್ ಹಿಡಿದು ಸುತ್ತಿ ಬರುತ್ತದೆ. ಆ ಸುತ್ತುವಿಕೆಯೇ ಕರೆಂಟು. ಕೊನೆಗೆ ಎರಡೂ ಆಮ್ಲಜನಕದ ಜತೆ ಕೂಡಿ ನೀರಾಗುತ್ತವೆ.

ಕರೆಂಟು ಜಾಸ್ತಿ ಬೇಕು ಅಂದ್ರೆ ಗಾಳಿ ಜಾಸ್ತಿ ಬೇಕು. ಗಾಳಿ ನೂಕುವ ಕಂಪ್ರೆಸರ್ ವೇಗ ಹಿಡಿಯುವುದಕ್ಕೆ ಸ್ವಲ್ಪ ಹೊತ್ತು ಬೇಕು. ಲಾರಿ ಓವರ್‌ಟೇಕ್ ಮಾಡಲು ಆ್ಯಕ್ಸಿಲರೇಟರ್ ಒತ್ತಿದ ಡ್ರೈವರ್‌ಗೆ ಆ ಸ್ವಲ್ಪ ಹೊತ್ತೇ ಬಹಳ. ಎಳೆತ ತಡವಾಗುವುದಷ್ಟೇ ಆದರೆ ಸಹಿಸಿಕೊಳ್ಳಬಹುದಿತ್ತು. ಅನಿಲ ಸಾಕಷ್ಟು ಬಾರದೆ ಸೆಲ್ ಹಸಿದಿರುವಾಗ ಜೋರಾಗಿ ಕರೆಂಟು ಎಳೆದರೆ ಪ್ಲಾಟಿನಂ ಹೊತ್ತಿರುವ ಕಾರ್ಬನ್ ಪದರವೇ ಸವೆಯತೊಡಗುತ್ತದೆ. ಗಾಡಿಯಲ್ಲಿ ಅತಿ ದುಬಾರಿ ಭಾಗಗಳಲ್ಲೊಂದು ಈ ಸ್ಟ್ಯಾಕ್. ಅದರ ಆಯಸ್ಸು ಉಳಿಸುವುದೇ ಬ್ಯಾಟರಿಯ ಮೊದಲ ಕೆಲಸ. ಆ್ಯಕ್ಸಿಲರೇಟರ್ ಒತ್ತಿದ ಕೂಡಲೇ ಬ್ಯಾಟರಿ ಮುಂದೆ ಬಂದು ಭಾರ ಹೊರುತ್ತದೆ, ಸ್ಟ್ಯಾಕ್ ನಿಧಾನಕ್ಕೆ ಮೇಲೇರಿ ಆಮೇಲೆ ಭಾರ ವಹಿಸಿಕೊಳ್ಳುತ್ತದೆ.

ಇನ್ನೂ ಒಂದಿದೆ. ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡುವಾಗ ಆ ಕಂಪ್ರೆಸರ್ ತಿರುಗಿಸೋದು ಯಾರು? ಸ್ಟ್ಯಾಕ್‌ಗೆ ಗಾಳಿ ಇಲ್ಲದೆ ಕರೆಂಟಿಲ್ಲ, ಕರೆಂಟಿಲ್ಲದೆ ಗಾಳಿ ಇಲ್ಲ. ಅಲ್ಲೂ ಬ್ಯಾಟರಿಯೇ ಬೇಕು. ಸಂತೆ ದಿನದ ಜನಜಂಗುಳಿಯಲ್ಲಿ ಗಾಡಿ ಆಮೆಯಂತೆ ತೆವಳುವಾಗ ಕಂಪ್ರೆಸರ್, ಪಂಪು ಓಡಿಸುವುದಕ್ಕೇ ಹೈಡ್ರೋಜನ್ ದಂಡವಾಗುತ್ತದೆ. ಆಗ ಸ್ಟ್ಯಾಕ್ ನಿಲ್ಲಿಸಿ ಬ್ಯಾಟರಿಯಲ್ಲಿ ಸಾಗುವುದು ಲಾಭ.

ಬ್ರೇಕ್ ಹಾಕಿದಾಗ ಬರುವ ಶಕ್ತಿ

ಸ್ಟ್ಯಾಕ್‌ಗೆ ಒಂದು ದೊಡ್ಡ ಕೊರತೆ ಇದೆ: ಅದು ಕೊಡುತ್ತದೆ, ವಾಪಸ್ ತಗೊಳ್ಳುವುದಿಲ್ಲ. ಬ್ರೇಕ್ ಹಾಕಿದಾಗ ಮೋಟರ್ ಡೈನಮೊ ಥರ ತಿರುಗಿ ಹುಟ್ಟಿಸುವ ಕರೆಂಟನ್ನು ಹೈಡ್ರೋಜನ್ ಮಾಡಿ ಟ್ಯಾಂಕಿಗೆ ತುಂಬಲು ಗಾಡಿಯಲ್ಲಿ ವ್ಯವಸ್ಥೆ ಇಲ್ಲ. ಅದನ್ನು ಹಿಡಿದಿಡಲು ಬ್ಯಾಟರಿಯೇ ಗತಿ.

ಎರಡು ಸಾವಿರ ಕೆ.ಜಿ. ತೂಗುವ ಕಾರು ಗಂಟೆಗೆ 80 ಕಿ.ಮೀ. ವೇಗದಲ್ಲಿದ್ದು ಹಂಪ್ ನೋಡಿ ಪೂರ್ತಿ ನಿಂತರೆ ಅದರಲ್ಲಿದ್ದ ಚಲನ ಶಕ್ತಿ ಸುಮಾರು 0.14 ಯೂನಿಟ್. 1.24 ಯೂನಿಟ್ ಬ್ಯಾಟರಿಗೆ ಇದು ಲೆಕ್ಕಕ್ಕಿಲ್ಲ, ಸಲೀಸಾಗಿ ನುಂಗುತ್ತದೆ. ಬಯಲುಸೀಮೆ ರಸ್ತೆಗೆ ಇಷ್ಟು ಸಣ್ಣ ಬ್ಯಾಟರಿ ಸಾಕೇ ಸಾಕು.

ಘಾಟಿಗೆ ಬಂದಾಗ ಲೆಕ್ಕ ತಲೆಕೆಳಗು. ಆಗುಂಬೆ, ಚಾರ್ಮಾಡಿ ಥರದ ಕಡೆ ಅದೇ ಕಾರು 500 ಮೀಟರ್ ಎತ್ತರದಿಂದ ಕೆಳಗಿಳಿಯಿತು ಎಂದುಕೊಂಡರೆ ಬಿಡುಗಡೆಯಾಗುವ ಶಕ್ತಿ 2.7 ಯೂನಿಟ್. ಟೈರ್ ಉಜ್ಜುವಿಕೆ, ಮೋಟರ್ ನಷ್ಟ ಕಳೆದು ಅರ್ಧದಷ್ಟೇ ಬ್ಯಾಟರಿ ಮುಟ್ಟಿದರೂ ಅದು ಬ್ಯಾಟರಿಯ ಪೂರ್ತಿ ಸಾಮರ್ಥ್ಯಕ್ಕಿಂತ ಜಾಸ್ತಿ. ಮೇಲಾಗಿ ಇಳಿಯಲು ಶುರು ಮಾಡುವಾಗ ಬ್ಯಾಟರಿ ಖಾಲಿ ಇರೋದಿಲ್ಲ. ಘಾಟಿ ಅರ್ಧ ಇಳಿಯುವಷ್ಟರಲ್ಲಿ ಅದು ತುಂಬಿ, ಮಿಕ್ಕಿದ್ದು ಬ್ರೇಕಿನ ಬಿಸಿಯಾಗಿ ಹೋಗುತ್ತದೆ.

18 ಟನ್ ತೂಕದ ಲೋಡ್ ಲಾರಿ ಅದೇ ಘಾಟಿ ಇಳಿದರೆ? 24 ಯೂನಿಟ್‌ಗೂ ಮೇಲೆ. 2020ರಲ್ಲಿ ಬೆಟ್ಟಗುಡ್ಡಗಳ ದೇಶವಾದ ಸ್ವಿಟ್ಜರ್ಲೆಂಡ್‌ಗೆ ಹ್ಯುಂಡೈ ಕಂಪನಿ ಕಳುಹಿಸಿದ ಎಕ್ಸೈಂಟ್ ಹೈಡ್ರೋಜನ್ ಲಾರಿಗಳಲ್ಲಿ 73.2 ಯೂನಿಟ್ ಹಿಡಿಯುವ ಬ್ಯಾಟರಿ ಇದ್ದದ್ದು ಯಾಕೆ ಅಂತ ಈಗ ಗೊತ್ತಾಗುತ್ತದೆ. ಎಲ್ಲೋ ಒಂದು ಪಟ್ಟಿ ನೋಡಿ 'ಹೈಡ್ರೋಜನ್ ಗಾಡಿಗೆ ಇಷ್ಟು ಬ್ಯಾಟರಿ' ಅಂತ ಹೇಳಲಾಗದು. ತೂಕ, ರಸ್ತೆ ನೋಡಿಯೇ ಹೇಳಬೇಕು.

ಗಲ್ಲಾಪೆಟ್ಟಿಗೆಯಲ್ಲಿ ಚಿಲ್ಲರೆ ಇಡುವ ಹಾಗೆ

ಬ್ಯಾಟರಿಯನ್ನು ಪೂರ್ತಿ ತುಂಬಿಸಿಯೂ ಇಡೋದಿಲ್ಲ, ಪೂರ್ತಿ ಖಾಲಿ ಮಾಡೋದೂ ಇಲ್ಲ. ತುಂಬಿದ್ದರೆ ಬ್ರೇಕಿನ ಶಕ್ತಿಗೆ ಜಾಗವಿಲ್ಲ, ಖಾಲಿಯಿದ್ದರೆ ಓವರ್‌ಟೇಕ್‌ಗೆ ಬಲವಿಲ್ಲ. ಗಾಡಿಯ ಕಂಪ್ಯೂಟರ್ ಅದನ್ನು ಸದಾ ನಡುಮಟ್ಟದಲ್ಲಿ ಇಟ್ಟಿರುತ್ತದೆ. ದುಡ್ಡೆಲ್ಲ ಬ್ಯಾಂಕಿನಲ್ಲಿದ್ದರೂ ಗಲ್ಲಾದಲ್ಲಿ ಒಂದಿಷ್ಟು ಚಿಲ್ಲರೆ ಇಟ್ಟುಕೊಂಡು ವ್ಯಾಪಾರ ಮಾಡುವ ಅಂಗಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಚಿಲ್ಲರೆ ಇಡುವ ಡಬ್ಬಿ ಯಾವುದಾಗಿರಬೇಕು ಅನ್ನೋದರಲ್ಲಿ ಕಂಪನಿಗಳು ಬೇರೆ ಬೇರೆ ದಾರಿ ಹಿಡಿದಿವೆ. ಹೋಂಡಾ 2002ರಲ್ಲಿ ಲಾಸ್ ಏಂಜಲೀಸ್ ನಗರಾಡಳಿತಕ್ಕೆ ಕೊಟ್ಟ ಎಫ್‌ಸಿಎಕ್ಸ್ ಕಾರಿನಲ್ಲಿ ಬ್ಯಾಟರಿ ಬದಲು ಅಲ್ಟ್ರಾ ಕೆಪ್ಯಾಸಿಟರ್ ಇತ್ತು. ಫ್ಯಾನಿನಲ್ಲಿರುವ ಕೆಪ್ಯಾಸಿಟರ್‌ನ ದೈತ್ಯ ಅಣ್ಣ ಅನ್ನಬಹುದು. ಕ್ಷಣದಲ್ಲಿ ತುಂಬಿ ಕ್ಷಣದಲ್ಲಿ ಕೊಡುತ್ತದೆ, ಲಕ್ಷಾಂತರ ಸಲ ಮಾಡಿದರೂ ಬೇಗ ಸವೆಯುವುದಿಲ್ಲ. ಆದರೆ ಹಿಡಿಯುವ ಶಕ್ತಿ ತೀರಾ ಕಡಿಮೆ, ದಿಬ್ಬ ಹತ್ತುವಷ್ಟರಲ್ಲಿ ಬರಿದು. 2008ರ ಎಫ್‌ಸಿಎಕ್ಸ್ ಕ್ಲಾರಿಟಿ ಹೊತ್ತಿಗೆ ಹೋಂಡಾ ಲೀಥಿಯಂ ಬ್ಯಾಟರಿಗೆ ಬಂತು. ಮೊದಲ ಮಿರಾಯ್‌ನಲ್ಲಿ ಇದ್ದದ್ದು ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ. ಬಿಡದಿಯಲ್ಲಿ ತಯಾರಾಗುವ ಇನೋವಾ ಹೈಕ್ರಾಸ್ ಹೈಬ್ರಿಡ್‌ನಲ್ಲಿರುವುದೂ ಅದೇ ಜಾತಿಯದು, ಅಲ್ಲಿ ಪೆಟ್ರೋಲ್ ಎಂಜಿನ್‌ಗೆ ಮಾಡುವ ಸಹಾಯವನ್ನೇ ಇಲ್ಲಿ ಸ್ಟ್ಯಾಕ್‌ಗೆ ಮಾಡುತ್ತದೆ.

ಇನ್ನೊಂದು ದಾರಿ, ಬ್ಯಾಟರಿಯನ್ನು ದೊಡ್ಡದು ಮಾಡಿ ಪ್ಲಗ್ ಕೊಡುವುದು. 2024ರಲ್ಲಿ ಅಮೆರಿಕಕ್ಕೆ ಬಂದ ಹೋಂಡಾ ಸಿಆರ್-ವಿ ಫ್ಯೂಯೆಲ್ ಸೆಲ್ ಕಾರಿಗೆ 17.7 ಯೂನಿಟ್ ಬ್ಯಾಟರಿ ಇದೆ. ಮನೆಯಲ್ಲೇ ಚಾರ್ಜ್ ಮಾಡಿ 47 ಕಿ.ಮೀ.ನಷ್ಟು ಹೈಡ್ರೋಜನ್ ಮುಟ್ಟದೇ ಓಡಿಸಬಹುದು. ಬಂಕ್‌ಗಳು ವಿರಳವಾಗಿರುವ ಕಡೆ ಇದೇ ಜಾಣ ದಾರಿ ಅನಿಸುತ್ತದೆ.

ಟ್ಯಾಂಕೂ ಸುಲಭದ್ದಲ್ಲ

ಹೈಡ್ರೋಜನ್ ತೂಕಕ್ಕೆ ಹಗುರ, ಜಾಗಕ್ಕೆ ಮಾತ್ರ ದುರಾಸೆಯದು. ಮಾಮೂಲಿ ಒತ್ತಡದಲ್ಲಿ ಒಂದು ಕೆ.ಜಿ.ಗೆ ಸುಮಾರು 11,000 ಲೀಟರ್ ಜಾಗ ಬೇಕು, ಅಂದ್ರೆ ಸಾವಿರ ಲೀಟರ್‌ನ ಹನ್ನೊಂದು ಸಿಂಟೆಕ್ಸ್ ಟ್ಯಾಂಕ್. ಅದಕ್ಕೇ ಕಾರುಗಳಲ್ಲಿ 700 ಬಾರ್ ಒತ್ತಡದಲ್ಲಿ ತುರುಕುತ್ತಾರೆ. ಸಿಎನ್‌ಜಿ ಆಟೊದ ಸಿಲಿಂಡರ್‌ನಲ್ಲಿರೋದು 200 ಬಾರ್. ಮಿರಾಯ್ ಟ್ಯಾಂಕಿಗೆ ಒಳಗೆ ಪ್ಲಾಸ್ಟಿಕ್ ಪದರ, ಹೊರಗೆ ಕಾರ್ಬನ್ ಫೈಬರ್ ಸುತ್ತು. ಅಷ್ಟು ಮಾಡಿಯೂ ಒಳಗಿನ ಹೈಡ್ರೋಜನ್ ಟ್ಯಾಂಕಿನ ತೂಕದ ಶೇ 6ರಷ್ಟು ಮಾತ್ರ. ಒಂದು ಗ್ಲಾಸ್ ಕಾಫಿಗೆ ಕೊಡದಂಥ ಲೋಟ.

ದುಡ್ಡಿನ ಲೆಕ್ಕ

ಒಂದು ಕೆ.ಜಿ. ಹೈಡ್ರೋಜನ್ ಅನ್ನು ಕರೆಂಟಿನಿಂದ ನೀರು ಒಡೆದು ತಯಾರಿಸಲು 50ರಿಂದ 55 ಯೂನಿಟ್ ಬೇಕು. ಒತ್ತಡದಲ್ಲಿ ತುಂಬುವ ಖರ್ಚು ಬೇರೆ. ಆ ಒಂದು ಕೆ.ಜಿ.ಯಲ್ಲಿ ಮಿರಾಯ್ ಸುಮಾರು 100ರಿಂದ 115 ಕಿ.ಮೀ. ಓಡುತ್ತದೆ. ಅದೇ 55 ಯೂನಿಟ್ ಅನ್ನು ಸೀದಾ ಎಲೆಕ್ಟ್ರಿಕ್ ಕಾರಿಗೆ ತುಂಬಿದರೆ, ಯೂನಿಟ್‌ಗೆ ಆರು ಕಿ.ಮೀ. ಹಿಡಿದರೂ 330 ಕಿ.ಮೀ. ದಿನಕ್ಕೆ 50–60 ಕಿ.ಮೀ. ಸುತ್ತಿ ರಾತ್ರಿ ಮನೆ ಮುಂದೆ ನಿಲ್ಲುವ ಹಾಲಿನ ಗಾಡಿ, ದಿನಸಿ ಗಾಡಿ, ಪ್ಯಾಸೆಂಜರ್ ಆಟೊಗೆ ಹೈಡ್ರೋಜನ್‌ಗಾಗಿ ಕಾಯುವುದರಲ್ಲಿ ಅರ್ಥವಿಲ್ಲ. ಅದು ಹೊಂದುವುದು ಭಾರ ಹೊತ್ತು ದೂರ ಹೋಗುವ, ನಿಲ್ಲಲು ಪುರುಸೊತ್ತಿಲ್ಲದ ಲಾರಿ, ಬಸ್ಸುಗಳಿಗೆ.

ಸರ್ಕಾರದ ಪ್ರಯೋಗಗಳೂ ಅಲ್ಲೇ ನಡೆಯುತ್ತಿವೆ. 2023ರ ಜನವರಿಯಲ್ಲಿ ಒಪ್ಪಿಗೆ ಪಡೆದ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್‌ಗೆ ಇಟ್ಟಿರುವುದು ₹19,744 ಕೋಟಿ. ಇದರಡಿ 2025ರ ಮಾರ್ಚ್‌ನಲ್ಲಿ 37 ಬಸ್, ಲಾರಿಗಳ ಪ್ರಾಯೋಗಿಕ ಓಡಾಟ ಪ್ರಕಟವಾಯಿತು. ಅವುಗಳಲ್ಲಿ ಫ್ಯೂಯೆಲ್ ಸೆಲ್‌ನವು 15. ಉಳಿದ 22ರಲ್ಲಿ ಹೈಡ್ರೋಜನ್ ಅನ್ನು ಎಂಜಿನ್‌ನಲ್ಲೇ ಉರಿಸುತ್ತಾರೆ. ಜತೆಗೆ ಒಂಬತ್ತು ಹೈಡ್ರೋಜನ್ ಬಂಕ್. ಆಗ ಪ್ರಕಟವಾದ ಹತ್ತು ಮಾರ್ಗಗಳಲ್ಲಿ ಪುಣೆ–ಮುಂಬೈ, ತಿರುವನಂತಪುರ–ಕೊಚ್ಚಿ ಇವೆ, ಕರ್ನಾಟಕದ್ದು ಒಂದೂ ಇಲ್ಲ.

'ನೀರಿನಲ್ಲಿ ಓಡುವ' ಕಿಟ್ ಬಗ್ಗೆ ಎಚ್ಚರ

ಹೈಡ್ರೋಜನ್ ಹೆಸರು ಕೇಳಿಬಂದಾಗಲೆಲ್ಲ 'ಈ ಕಿಟ್ ಹಾಕಿಸಿ, ಗಾಡಿ ನೀರಿನಲ್ಲೇ ಓಡುತ್ತೆ' ಎಂಬ ವಿಡಿಯೊಗಳು ಹಿಂದೆಯೇ ಬರುತ್ತವೆ. ನೀರು ಇಂಧನವಲ್ಲ. ಹೈಡ್ರೋಜನ್ ಉರಿದು ಮುಗಿದ ಮೇಲೆ ಉಳಿಯುವ ಬೂದಿ ಇದ್ದ ಹಾಗೆ ಅದು. ಗಾಡಿಯ ಬ್ಯಾಟರಿಯಿಂದಲೇ ಕರೆಂಟು ತೆಗೆದು ನೀರು ಒಡೆದರೆ, ಹಾಕಿದ್ದಕ್ಕಿಂತ ಕಡಿಮೆಯೇ ವಾಪಸ್ ಬರುತ್ತದೆ. ಮಿರಾಯ್‌ನ ಹೊಗೆ ಕೊಳವೆಯಿಂದ ನೀರು ಹೊರಗೆ ಬರುತ್ತದೆಯೇ ಹೊರತು ಅದರ ಟ್ಯಾಂಕಿಗೆ ಯಾರೂ ನೀರು ಹಾಕುವುದಿಲ್ಲ.

ನಾಳೆ ಯಾರಾದರೂ ನಿಜವಾದ ಹೈಡ್ರೋಜನ್ ಗಾಡಿಯ ಕರಪತ್ರ ಹಿಡಿದು ಬಂದರೆ ಕೇಳಬೇಕಾದ ಅಂಕಿ ಮೂರು: ಟ್ಯಾಂಕಿನಲ್ಲಿ ಎಷ್ಟು ಕೆ.ಜಿ., ಸ್ಟ್ಯಾಕ್ ಎಷ್ಟು ಕಿಲೊವಾಟ್, ಬ್ಯಾಟರಿ ಎಷ್ಟು ಯೂನಿಟ್. ನಾಲ್ಕನೆಯ ಪ್ರಶ್ನೆ, ಹತ್ತಿರದ ಹೈಡ್ರೋಜನ್ ಬಂಕ್ ಎಲ್ಲಿದೆ.