ಗ್ರೀಸ್ ಹೊಡೆಯುವುದು ನಿಂತ ಮೇಲೆ

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಬಂಟ್ವಾಳದ ಮಾವನ ಕಾರು 'ಟಕ್' ಅನ್ನಲು ಶುರು ಮಾಡಿತು. ಹಂಪ್ ಇಳಿಯುವಾಗ ಒಂದು ಟಕ್, ಅಂಗಳದಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸುವಾಗ ಇನ್ನೊಂದು. ಕಾರು 1996ರ ಮರ್ಸಿಡಿಸ್ ಇ220. ಮಾವ ಅದನ್ನು ಹೊಸತಾಗಿ ಕೊಂಡವರಲ್ಲ. ಮೂರನೇ ಕೈಯಲ್ಲಿ, ಒಂದು ಸಣ್ಣ ಹೊಸ ಕಾರಿನ ಬೆಲೆಗೆ ಕೊಂಡದ್ದು. ಆದರೂ ತೋಟದ ಗೇಟಿನ ಹತ್ತಿರ ಅದು ನಿಂತಿದ್ದರೆ ಮನೆಗೆ ಒಂದು ಗತ್ತು.

ನಾನು ಬೆಂಗಳೂರಿನಿಂದ ರಜೆಗೆ ಹೋದಾಗೆಲ್ಲ ಅದನ್ನು ಓಡಿಸುವವ. ಟಕ್ ಶಬ್ದಕ್ಕೆ ನಾನು ಮಾಡಿದ ಮದ್ದು ವೀಲ್ ಅಲೈನ್‌ಮೆಂಟ್. ಒಂದಲ್ಲ, ಮೂರು ಸಲ. ಪ್ರತಿ ಸಲವೂ ಕಂಪ್ಯೂಟರಿನಿಂದ ಹಸಿರು ಅಂಕಿಗಳ ಒಂದು ಕಾಗದ ಬರುತ್ತಿತ್ತು. ಕಾಗದದಲ್ಲಿ ಎಲ್ಲ ಸರಿ ಉಂಟು ಅಂದ ಮೇಲೆ ಸರಿ ಇರಲೇಬೇಕಲ್ಲ? ಆ ಧೈರ್ಯದಲ್ಲೇ ಹೆಂಡತಿ ಮಗಳನ್ನು ಕೂರಿಸಿಕೊಂಡು ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರದಲ್ಲಿ ನೀರ್ದೋಸೆ ತಿಂದು ಇಳಿದು ಬಂದೆವು.

ಮರುವಾರ ಮಾವ ಕಾರನ್ನು ಬಿ.ಸಿ. ರೋಡಿನ ಒಬ್ಬ ಹಳೇ ಮೆಕ್ಯಾನಿಕ್ ಹತ್ತಿರ ಒಯ್ದರು. ಅವರು ಕಂಪ್ಯೂಟರ್ ತೆಗೆಯಲಿಲ್ಲ. ಮುಂದಿನ ಚಕ್ರದ ಕೆಳಗಿನ ಆರ್ಮಿಗೇ ಜ್ಯಾಕ್ ಕೊಟ್ಟು ಎತ್ತಿದರು. ಟಯರಿನ ಅಡಿಗೆ ಉದ್ದದ ಹಾರೆ ತೂರಿಸಿ ಮೆಲ್ಲ ಮೇಲೆತ್ತಿದರು. ಟಕ್.

"ನೋಡಿ ಮಾರಾಯ್ರೆ, ಎಷ್ಟು ಪ್ಲೇ ಉಂಟು! ಬಾಲ್ ಜಾಯಿಂಟ್ ಪೂರ್ತಿ ಹೋಗಿದೆ. ಇದರಲ್ಲಿ ಘಾಟಿ ಇಳಿದಿರಾ ನೀವು?"

ನನಗೆ ಕಾಲು ತಣ್ಣಗಾಯಿತು. ಅಂದಿನಿಂದ ನನ್ನ ತಲೆಗೆ ಹೊಕ್ಕ ಪ್ರಶ್ನೆ ಒಂದೇ. ಇಷ್ಟು ಮುಖ್ಯವಾದ ಒಂದು ಕೀಲನ್ನು ನೋಡುವುದು ನಮಗೆ ಯಾವಾಗ ಮರೆತುಹೋಯಿತು?

ಅದಕ್ಕೆ ಸ್ವಲ್ಪ ಹಿಂದೆ ಹೋಗಬೇಕು, ಕಾರಿಗಿಂತಲೂ ಹಿಂದೆ. ನಮ್ಮೂರ ರಥ ನೆನಪು ಮಾಡಿಕೊಳ್ಳಿ. ಅದರ ಚಕ್ರಗಳು ನೇರ ಮಾತ್ರ ಹೋಗುತ್ತವೆ. ತಿರುಗಿಸಬೇಕಾದರೆ ಚಕ್ರದಡಿಗೆ ಮರದ ತುಂಡು ಕೊಟ್ಟು, ಹಗ್ಗ ಓರೆಯಾಗಿ ಎಳೆದು, ಬೊಬ್ಬೆ ಹೊಡೆದು ಒದ್ದಾಡಬೇಕು. ನಾಲ್ಕು ಚಕ್ರದ ಕುದುರೆಗಾಡಿ ಮಾಡಿದವರು ಮುಂದಿನ ಅಚ್ಚನ್ನೇ ನಡುವಿನಲ್ಲಿ ಒಂದು ಮೊಳೆಗೆ ಸಿಕ್ಕಿಸಿ ಇಡಿಯಾಗಿ ತಿರುಗಿಸಿದರು. ಜೋರಾಗಿ ತಿರುಗಿಸಿದರೆ ಗಾಡಿ ಮಗುಚುತ್ತಿತ್ತು. 1818ರಲ್ಲಿ ಲಂಡನ್ನಿನಲ್ಲಿ ರುಡಾಲ್ಫ್ ಆಕರ್‌ಮನ್ ಹೆಸರಲ್ಲಿ ಒಂದು ಪೇಟೆಂಟ್ ಆಯಿತು. ಅದರ ಹಿಂದಿನ ತಲೆ ಮ್ಯೂನಿಕ್ಕಿನ ಗಾಡಿ ತಯಾರಕ ಲ್ಯಾಂಕೆನ್‌ಸ್ಪೆರ್ಗರ್ ಅವರದು. ಉಪಾಯ ಸರಳ: ಅಚ್ಚು ಇದ್ದಲ್ಲೇ ಇರಲಿ, ಎರಡು ಚಕ್ರಗಳೂ ತಮ್ಮ ತಮ್ಮ ಕೀಲಿನ ಮೇಲೆ ತಿರುಗಲಿ. ಕಾರು ಬಂದಾಗ ಆ ಕೀಲಿಗೆ ಕಿಂಗ್ ಪಿನ್ ಅಂತ ಹೆಸರಾಯಿತು.

ಕಿಂಗ್ ಪಿನ್ ಕಾಲದ ಕಾರು ಕಣ್ಣಾರೆ ನೋಡಬೇಕಾದರೆ ದೂರ ಹೋಗಬೇಕಿಲ್ಲ. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಲ್ಲೇ ಹಳೆಯ ಕಾರುಗಳ ಸಂಗ್ರಹಾಲಯ ಉಂಟು. ಅಲ್ಲಿ ಗಾಂಧೀಜಿ ಪ್ರಯಾಣ ಮಾಡಿದ ಕಾರು ಎಂದೇ ಹೆಸರಾದ 1929ರ ಸ್ಟುಡಿಬೇಕರ್ ಪ್ರೆಸಿಡೆಂಟ್ ಇದೆ. ಎಲ್ಲರೂ ಹೊಳೆಯುವ ಬಾನೆಟ್ಟಿನ ಎದುರು ಸೆಲ್ಫಿ ತೆಗೆಯುತ್ತಾರೆ. ಈ ಸಲ ನಾನು ಬಗ್ಗಿ ಅಡಿ ನೋಡಿದೆ. ಎರಡು ಚಕ್ರಗಳ ನಡುವೆ ಒಂದೇ ಗಟ್ಟಿ ಕಬ್ಬಿಣದ ತೊಲೆ, ಅದರ ಮೇಲೆ ಪ್ಲೇಟುಗಳ ಸ್ಪ್ರಿಂಗ್, ತೊಲೆಯ ಎರಡು ತುದಿಗೆ ಎರಡು ಕಿಂಗ್ ಪಿನ್. ಎಡಚಕ್ರ ಗುಂಡಿಗೆ ಬಿದ್ದರೆ ಬಲಚಕ್ರವೂ ಓರೆಯಾಗುತ್ತದೆ. ಸುಖ ಕಡಿಮೆ. ಆದರೆ ಏನು ಯಾವುದಕ್ಕೆ ಸಿಕ್ಕಿಸಿದೆ ಎಂದು ಎಂಟನೇ ಕ್ಲಾಸಿನ ಹುಡುಗನಿಗೂ ಅರ್ಥ ಆಗುತ್ತದೆ.

ಆ ಕಾಲದ ಭಾಗಗಳನ್ನು ನಮ್ಮ ಜಿಲ್ಲೆಯಲ್ಲೇ ಮಾಡಲಿಕ್ಕೂ ಆಗುತ್ತಿತ್ತು. 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕ್ ಕಟ್ಟಿದ ಮೂವರಲ್ಲಿ ಒಬ್ಬರಾದ ಇಂಜಿನಿಯರ್ ವಾಮನ ಶ್ರೀನಿವಾಸ ಕುಡ್ವರು 1943ರಲ್ಲಿ ಮಂಗಳೂರಿನಲ್ಲಿ ಕೆನರಾ ವರ್ಕ್‌ಶಾಪ್ಸ್ ಶುರು ಮಾಡಿದರು. ಅವರ 'ಕೆನರಾ ಸ್ಪ್ರಿಂಗ್ಸ್' ಪ್ಲೇಟುಗಳು ಲಾರಿ ಬಸ್ಸುಗಳ ಅಡಿಗೆ ಹೋದವು. ಪ್ಲೇಟ್ ತುಂಡಾದರೆ ಬೇರೆ ಪ್ಲೇಟ್ ಹಾಕಿ. ಕಿಂಗ್ ಪಿನ್ನಿನ ಬುಷ್ ಸವೆದರೆ ಲೇತ್ ಅಂಗಡಿಗೆ ಹೋಗಿ ಹೊಸತು ಕಡೆಸಿ. ಸವೆತ ಕಣ್ಣಿಗೆ ಕಾಣುತ್ತಿತ್ತು, ರಿಪೇರಿ ಕೈಗೆ ಎಟಕುತ್ತಿತ್ತು.

ಆದರೆ ಸುಖ ಬೇಕಿತ್ತು. 1933ರಲ್ಲಿ ಮರ್ಸಿಡಿಸ್ ಕಂಪನಿ ತನ್ನ 380 ಮಾದರಿಯಲ್ಲಿ ಆ ಗಟ್ಟಿ ತೊಲೆಯನ್ನೇ ಕಿತ್ತುಹಾಕಿತು. ಪ್ರತಿ ಮುಂಚಕ್ರಕ್ಕೂ ಮೇಲೊಂದು ಕೆಳಗೊಂದು ಆರ್ಮ್, ನಡುವೆ ಸುರುಳಿ ಸ್ಪ್ರಿಂಗ್. ಈಗ ಒಂದು ಚಕ್ರದ ಗುಂಡಿ ಇನ್ನೊಂದಕ್ಕೆ ತಾಗುವುದಿಲ್ಲ. ಅಮೆರಿಕದ ಜನರಲ್ ಮೋಟರ್ಸ್ ಕೂಡ 1934ರಲ್ಲಿ ಇದೇ ದಾರಿ ಹಿಡಿಯಿತು. ಆದರೆ ಚಕ್ರ ಈಗ ಎರಡು ಕೆಲಸ ಒಟ್ಟಿಗೆ ಮಾಡಬೇಕು: ಮೇಲೆ ಕೆಳಗೆ ಹೋಗಬೇಕು, ಎಡ ಬಲ ತಿರುಗಲೂ ಬೇಕು. ಅದಕ್ಕೆ ಕಿಂಗ್ ಪಿನ್ ಜೊತೆಗೆ ಇನ್ನೂ ನಾಲ್ಕಾರು ಪಿನ್ನು, ಬುಷ್ಷು ಬೇಕಾದವು.

ಈ ಸಂತೆಯನ್ನೆಲ್ಲ ಒಂದೇ ಏಟಿಗೆ ಮುಗಿಸಿದ್ದು ಬಾಲ್ ಜಾಯಿಂಟ್. ನಿಮ್ಮ ಭುಜದ ಕೀಲು ಹೇಗಿದೆಯೋ ಹಾಗೆ. ಬಟ್ಟಲಿನಂಥ ಗೂಡು, ಒಳಗೆ ಉಕ್ಕಿನ ಗುಂಡು, ಗುಂಡಿಗೊಂದು ಬಾಲ. ಎತ್ತ ಬೇಕಾದರೂ ಹೊರಳುತ್ತದೆ. ಅಮೆರಿಕದಲ್ಲಿ 1952ರ ಲಿಂಕನ್ ಕಾರು ಮುಂದಿನ ಕಿಂಗ್ ಪಿನ್ ತೆಗೆದು ಬಾಲ್ ಜಾಯಿಂಟ್ ಹಾಕಿತು, ಎರಡು ವರ್ಷದಲ್ಲಿ ಅದು ಫೋರ್ಡಿಗೂ ಬಂತು. ಶ್ರೀಮಂತರ ಕಾರಿನ ವಿಶೇಷ ಕ್ರಮೇಣ ಎಲ್ಲರ ಕಾರಿಗೂ ಬಂತು.

ನಮ್ಮಲ್ಲಿ ಮಾತ್ರ ಹಳೆಯ ಕಾಲ ಬಹಳ ದಿನ ನಡೆಯಿತು. ಪದ್ಮಿನಿಯಲ್ಲಿ ಕೊನೆಯವರೆಗೂ ಕಿಂಗ್ ಪಿನ್. ಅಂಬಾಸಿಡರ್, ಪದ್ಮಿನಿ ಎರಡರ ಮುಂಭಾಗದಲ್ಲೂ ಗ್ರೀಸ್ ನಿಪ್ಪಲ್‌ಗಳಿದ್ದವು. ಗ್ರೀಸ್ ಗನ್ ಹಿಡಿದು, ಹಳೆಯ ಕಪ್ಪು ಗ್ರೀಸ್ ಹೊರಗೆ ಬಂದು ಹೊಸತು ಕಾಣುವವರೆಗೆ ಹೊಡೆಯಬೇಕು. ಮಾವನ ಮೊದಲ ಕಾರು ಅಂಬಾಸಿಡರ್. ತಿಂಗಳಿಗೊಮ್ಮೆ ಅದಕ್ಕೆ ವಾಟರ್ ಸರ್ವೀಸ್, ಗ್ರೀಸಿಂಗ್. ಸಣ್ಣವನಿದ್ದಾಗ ನಾನೂ ಹೋಗಿ ಪಕ್ಕದಲ್ಲಿ ನಿಲ್ಲುತ್ತಿದ್ದೆ. ಗ್ರೀಸ್ ಹೊಡೆಯುವ ಹುಡುಗ ಪ್ರತಿ ಸಲ ಒಂದಲ್ಲ ಒಂದು ಸುದ್ದಿ ಹೇಳುತ್ತಿದ್ದ. "ಎಡದ ಬುಷ್ ಲೂಸ್ ಆಗ್ತಾ ಉಂಟು", "ಬ್ರೇಕ್ ಪೈಪ್ ಬೆವರ್ತದೆ".

ಅವನು ಅಲ್ಲಿಗೆ ಬಂದದ್ದು ಗ್ರೀಸ್ ಹೊಡೆಯಲಿಕ್ಕೆ. ಆದರೆ ಗ್ರೀಸಿನ ನೆಪದಲ್ಲಿ ತಿಂಗಳಿಗೊಮ್ಮೆ ಒಬ್ಬ ಮನುಷ್ಯ ಕಾರಿನ ಅಡಿಗೆ ಹೋಗಿ, ಪ್ರತಿ ಕೀಲನ್ನೂ ಮುಟ್ಟಿ ಬರುತ್ತಿದ್ದ. ಅದು ಯಾವ ಬಿಲ್ಲಿನಲ್ಲೂ ಬರೆಯದ ಕೆಲಸ.

1983ರಲ್ಲಿ ಮಾರುತಿ 800 ಬಂತು. ಅದರ ಮುಂಭಾಗದಲ್ಲಿ ಕಿಂಗ್ ಪಿನ್ ಇಲ್ಲ. ಸ್ಟ್ರಟ್, ಕೆಳಗೆ ಸೀಲ್ ಮಾಡಿದ ಬಾಲ್ ಜಾಯಿಂಟ್. ಪ್ರಪಂಚದಲ್ಲಿ ಮೊದಮೊದಲ ಬಾಲ್ ಜಾಯಿಂಟ್‌ಗಳಿಗೂ ನಿಪ್ಪಲ್ ಇತ್ತು. ಆಮೇಲೆ ಗೂಡಿನ ಒಳಗೆ ಪ್ಲಾಸ್ಟಿಕ್ ಪದರ ಬಂತು. ಫ್ಯಾಕ್ಟರಿಯಲ್ಲೇ ಗ್ರೀಸ್ ತುಂಬಿ, ರಬ್ಬರ್ ಟೊಪ್ಪಿ ಹಾಕಿ, ಬಾಯಿ ಮುಚ್ಚಿ ಕಳಿಸುವುದು ರೂಢಿಯಾಯಿತು. 1995ರಲ್ಲಿ ಪುಣೆಯಲ್ಲಿ ಮರ್ಸಿಡಿಸ್ ಇ ಕ್ಲಾಸ್ ಜೋಡಣೆ ಶುರುವಾದಾಗ ಬಂದದ್ದೂ ಅಂಥದೇ ಕೀಲು. ಗ್ರೀಸಿಂಗ್ ಹೋಯಿತು, ಅದರ ಜೊತೆಗೆ ಆ ಹುಡುಗನೂ ಹೋದ.

ಇದು ಪ್ರಗತಿ ಅಲ್ಲ ಅಂತ ನಾನು ಹೇಳುತ್ತಿಲ್ಲ. ಸೀಲ್ ಮಾಡಿದ ಕೀಲು ಹಳೆಯದಕ್ಕಿಂತ ಎಷ್ಟೋ ಪಾಲು ಬಾಳಿಕೆ ಬರುತ್ತದೆ. ಮಾವನ ಕಾರಿನ ವಯಸ್ಸೇ ನೋಡಿ. ಆದರೆ ಬಾಳಿಕೆ ಹೆಚ್ಚಾಯಿತು ಎಂದ ಮಾತ್ರಕ್ಕೆ ಸವೆತ ನಿಲ್ಲಲಿಲ್ಲ. ನಿಂತದ್ದು ನೋಡುವುದು ಮಾತ್ರ. ಆ ರಬ್ಬರ್ ಟೊಪ್ಪಿ ವಯಸ್ಸಾಗಿ ಸಣ್ಣಗೆ ಬಿರುಕು ಬಿಟ್ಟರೆ ಸಾಕು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಹುಯ್ಯುವ ಊರು ನಮ್ಮದು. ಮುರಕಲ್ಲಿನ ಕೆಂಪು ಮಣ್ಣು ನೀರಿನ ಜೊತೆ ಒಳಗೆ ಹೋಗಿ, ಗ್ರೀಸಿಗೆ ಬೆರೆತು, ಸಾಣೆ ಹಿಡಿಯುವ ಪೇಸ್ಟ್ ಆಗುತ್ತದೆ. ಗುಂಡು ಸವೆಯುತ್ತದೆ, ಗೂಡು ಅಗಲ ಆಗುತ್ತದೆ. ಕೊನೆಗೊಂದು ದಿನ ಗುಂಡು ಗೂಡಿನಿಂದ ಕಳಚಿ ಬರುತ್ತದೆ. ಚಕ್ರ ಮಡಚುತ್ತದೆ, ಕಾರು ಮೂಗಡಿಯಾಗಿ ಕೂರುತ್ತದೆ. ಅಂಗಳದಲ್ಲಾದರೆ ನಗು, ಘಾಟಿಯ ತಿರುವಿನಲ್ಲಾದರೆ ಹೇಳಬೇಕಿಲ್ಲ.

ಹಾಗಾದರೆ ಮೂರು ಅಲೈನ್‌ಮೆಂಟಿನಲ್ಲಿ ಯಾಕೆ ಗೊತ್ತಾಗಲಿಲ್ಲ? ಮೆಕ್ಯಾನಿಕ್ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚಿತ್ರ ಬರೆದು ಹೇಳಿದರು. ಈ ಕಾರಿನ ಸುರುಳಿ ಸ್ಪ್ರಿಂಗ್ ಕೂತಿರುವುದು ಕೆಳಗಿನ ಆರ್ಮಿನ ಮೇಲೆ. ಕಾರಿನ ಮುಂದಿನ ಭಾರವೆಲ್ಲ ಅಲ್ಲಿಂದ ಬಾಲ್ ಜಾಯಿಂಟ್ ಮೂಲಕ ಚಕ್ರಕ್ಕೆ ಹೋಗುತ್ತದೆ. ಕಾರು ನೆಲದ ಮೇಲೆ ನಿಂತಿರುವಾಗ ಆ ಭಾರ ಗುಂಡನ್ನು ಗೂಡಿಗೆ ಒತ್ತಿ ಹಿಡಿದಿರುತ್ತದೆ. ಬಾಡಿಗೆ ಜ್ಯಾಕ್ ಕೊಟ್ಟು ಎತ್ತಿದರೂ ಸ್ಪ್ರಿಂಗ್ ಬಿಡುವುದಿಲ್ಲ, ಒತ್ತಿಯೇ ಇರುತ್ತದೆ. ಪ್ಲೇ ಕಾಣುವುದೇ ಇಲ್ಲ. ಆರ್ಮಿಗೇ ಜ್ಯಾಕ್ ಕೊಟ್ಟು ಸ್ಪ್ರಿಂಗಿನ ಭಾರ ಇಳಿಸಿದರೆ ಮಾತ್ರ ಕೀಲು ಸತ್ಯ ಹೇಳುತ್ತದೆ. ಕಂಪ್ಯೂಟರ್ ಚಕ್ರದ ಕೋನ ಅಳೆಯಿತು, ಸರಿಯಾಗಿಯೇ ಅಳೆಯಿತು. ಕೀಲನ್ನು ಅಳೆಯಲು ಯಾರೂ ಅದಕ್ಕೆ ಹೇಳಿರಲಿಲ್ಲ. ಟಯರಿನ ಒಳಅಂಚು ಸವೆದು ಸುಳಿವು ಕೊಟ್ಟಿತ್ತು. ನಾನು ಟಯರ್ ಬದಲಿಸಿದ್ದೆ!

ಬದಲಿಸುವ ಕೆಲಸ ಎರಡು ದಿನ ಹಿಡಿಯಿತು. ಮೊದಲು ಸ್ಪ್ರಿಂಗನ್ನು ಕಂಪ್ರೆಸರ್ ಹಾಕಿ ಅಮುಕಬೇಕು. ಈ ಒಂದು ಹಂತದಲ್ಲಿ ಮೆಕ್ಯಾನಿಕ್ ಎಲ್ಲರನ್ನೂ ಶೆಡ್ಡಿನಿಂದ ಹೊರಗೆ ಕಳಿಸಿದರು. ಅಮುಕಿದ ಸ್ಪ್ರಿಂಗ್ ಜಾರಿದರೆ ಗುಂಡಿನ ಹಾಗೆ ಹಾರುತ್ತದೆ, ಅದಕ್ಕೆ ಮನುಷ್ಯರ ಗುರುತಿಲ್ಲ. ಯೂಟ್ಯೂಬ್ ನೋಡಿ ಮನೆಯಲ್ಲಿ ಮಾಡುತ್ತೇನೆ ಎನ್ನುವವರು ದಯವಿಟ್ಟು ಈ ಸಾಲನ್ನು ಎರಡು ಸಲ ಓದಿ. ಹಳೆಯ ಜಾಯಿಂಟನ್ನು ಬೋಲ್ಟ್ ಹಾಕಿ ಕೂರಿಸಿರುವುದಿಲ್ಲ, ಒತ್ತಿ ಕೂರಿಸಿರುತ್ತಾರೆ. ಹಾಗಾಗಿ ಸುತ್ತಿಗೆ ಅಲ್ಲ, ಪ್ರೆಸ್ ಬೇಕು. ಹೊಸತನ್ನೂ ಹಾಗೇ ನೇರ ಒತ್ತಬೇಕು. ಓರೆಯಾದರೆ ಗೂಡು ಹಾಳು. ಒಂದು ಬದಿ ಮಾತ್ರ ಹೋಗಿದ್ದರೂ ಎರಡೂ ಬದಿ ಹಾಕಿದರು, ಯಾಕೆಂದರೆ ಎರಡೂ ಒಂದೇ ರಸ್ತೆ ಕಂಡಿವೆ. ಆರ್ಮಿನ ಬುಷ್ ಬೋಲ್ಟುಗಳನ್ನು ಕೊನೆಯ ಬಿಗಿ ಮಾಡಿದ್ದು ಕಾರನ್ನು ನೆಲಕ್ಕೆ ಇಳಿಸಿದ ಮೇಲೆ. ತೂಗಾಡುವಾಗಲೇ ಬಿಗಿದರೆ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ. ಇಷ್ಟೆಲ್ಲ ಆದ ಮೇಲೆ ಅಲೈನ್‌ಮೆಂಟ್. ನಾನು ಮೊದಲು ಮಾಡಿದ್ದನ್ನು ಅವರು ಕೊನೆಗೆ ಮಾಡಿದರು.

ಟ್ರಯಲ್‌ಗೆ ನಾವು ಮೂವರೂ ಹೋದೆವು. ಬಂಟ್ವಾಳದಿಂದ ಸಿದ್ಧಕಟ್ಟೆ ದಾರಿಯಲ್ಲಿ ಮೂಡುಬಿದಿರೆ, ಅಲ್ಲಿಂದ ವೇಣೂರು, ಗುರುವಾಯನಕೆರೆ, ಬೆಳ್ತಂಗಡಿ ಪೇಟೆಗೆ ಒಂದು ಸುತ್ತು, ಮತ್ತೆ ಬಿ.ಸಿ. ರೋಡ್. ಅರ್ಧ ದಾರಿ ತಿರುವು, ಇನ್ನರ್ಧ ಹಂಪು ಮತ್ತು ಹೊಂಡ. ಒಂದು ಗ್ಯಾರೇಜಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಎಲ್ಲಿ ಸಿಗುತ್ತದೆ? ಮೆಕ್ಯಾನಿಕ್ ಎ.ಸಿ., ರೇಡಿಯೋ ಎರಡೂ ಬಂದ್ ಮಾಡಿಸಿ, ಕಿಟಕಿ ಇಳಿಸಿ, ಕಣ್ಣು ಮುಚ್ಚಿ ಕೂತರು. ಮೂಡುಬಿದಿರೆವರೆಗೆ ಒಂದು ಮಾತಿಲ್ಲ. ಮಾವನ ಕೈ ಮಾತ್ರ ಪ್ರತಿ ಹಂಪಿಗೂ ಸ್ಟೇರಿಂಗ್ ಗಟ್ಟಿ ಹಿಡಿಯುತ್ತಿತ್ತು. ಟಕ್ ಬರಲೇ ಇಲ್ಲ. ವೇಣೂರು ದಾಟಿದ ಮೇಲೆ ಕಣ್ಣು ಬಿಟ್ಟು, "ಆಯ್ತು, ಇನ್ನು ರೇಡಿಯೋ ಹಾಕ್ಬಹುದು" ಅಂದರು.

ನಮ್ಮ ಪ್ರಾಯದ ಬಹಳ ಜನ ಈಗ ಹಳೆಯ ಲಕ್ಷುರಿ ಕಾರು ಕೊಳ್ಳುತ್ತಿದ್ದಾರೆ. ಬೆಲೆ ಕಡಿಮೆ, ಗತ್ತು ಜಾಸ್ತಿ. ಕೊಳ್ಳಿ, ತಪ್ಪಿಲ್ಲ. ಆದರೆ ಹೊಳಪು, ಸನ್‌ರೂಫ್, ಸೀಟಿನ ಲೆದರ್ ನೋಡುವ ಮೊದಲು ಒಂದು ಬಾಲ್ ಜಾಯಿಂಟ್ ಪರೀಕ್ಷೆ ಮಾಡಿಸಿ, ಜ್ಯಾಕನ್ನು ಎಲ್ಲಿಗೆ ಕೊಡುತ್ತಾರೆ ಎಂದು ನಿಂತು ನೋಡಿ. ಆಮೇಲೆ ವರ್ಷಕ್ಕೆರಡು ಸಲ, ಮಳೆಗಾಲಕ್ಕೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ, ಯಾರನ್ನಾದರೂ ಕಾರಿನ ಅಡಿಗೆ ಕಳಿಸಿ. ಗ್ರೀಸ್ ಹೊಡೆಯಲಿಕ್ಕೆ ಜಾಗ ಇಲ್ಲದಿದ್ದರೂ ಪರವಾಗಿಲ್ಲ.

ತೆಗೆದ ಹಳೆಯ ಬಾಲ್ ಜಾಯಿಂಟನ್ನು ಮೆಕ್ಯಾನಿಕ್ ಹತ್ತಿರ ಕೇಳಿ ಪಡೆದುಕೊಂಡೆ. ಅದೀಗ ಬೆಂಗಳೂರಿನಲ್ಲಿ ನನ್ನ ಆಫೀಸಿನ ಮೇಜಿನ ಮೇಲಿದೆ. ಬಾಲ ಹಿಡಿದು ಅಲ್ಲಾಡಿಸಿದರೆ ಬೀಳಲಿರುವ ಹಾಲುಹಲ್ಲಿನ ಹಾಗೆ ಆಡುತ್ತದೆ. ಮೊನ್ನೆ ಆಫೀಸಿಗೆ ಬಂದಿದ್ದ ಮಗಳು ಅದನ್ನು ಎತ್ತಿಕೊಂಡು, "ಇದೆಂತ ಪಪ್ಪಾ?" ಅಂದಳು. ಚಾರ್ಮಾಡಿ ಇಳಿದ ದಿನ ನಮ್ಮನ್ನು ಹಿಡಿದುಕೊಂಡಿದ್ದದ್ದು ಇದೇ ಅಂದೆ. ಇಷ್ಟು ಲೂಸಾ ಅಂತ ಕೇಳಿದಳು. ಹೌದು ಮಗಾ, ಇಷ್ಟು ಲೂಸ್.