ಹೆಂಜೇರಿನ ಮುನಿನಾಥ

ಮಡಕಶಿರಾ ಸೀಮೆಯ ಹೇಮಾವತಿಗೆ ಶಾಸನಗಳಲ್ಲಿರುವ ಹೆಸರು ಹೆಂಜೇರು. ನೊಳಂಬರ ರಾಜಧಾನಿಯಾಗಿದ್ದ ಈ ಊರಿಗೆ ಬರುವವರು ದೊಡ್ಡೇಶ್ವರ, ಸಿದ್ಧೇಶ್ವರ ಗುಡಿಗಳನ್ನೂ ನುಣುಪಾದ ಕರಿಗಲ್ಲಿನ ಕಂಬಗಳನ್ನೂ ನೋಡಿ ಹಿಂದಿರುಗುತ್ತಾರೆ. ಲಕುಲೀಶ ಪಂಥದ ಯತಿಗಳಿಗೂ ಈ ನೆಲಕ್ಕೂ ಇದ್ದ ನಂಟನ್ನು ಇಲ್ಲಿನ ಗೋಡೆಗಳು ಹೇಳುವುದಿಲ್ಲ. ಅದನ್ನು ಹೇಳುವುದು ಕ್ರಿ.ಶ. 943ರ ಒಂದು ಶಾಸನ.

ತನ್ನ ಹೆಸರೂ ಸಿದ್ಧಾಂತವೂ ಮರೆತುಹೋದಾವೆಂಬ ಅಳುಕಿನಿಂದ ಲಕುಲೀಶನು ಚಿಲ್ಲುಕನೆಂಬ ಮುನಿನಾಥನಾಗಿ ಮತ್ತೆ ಹುಟ್ಟಿದನೆಂಬುದು ಅದರ ಒಕ್ಕಣೆ. ಇದನ್ನು ಪ್ರಶಸ್ತಿಯ ಅತಿಶಯೋಕ್ತಿಯೆಂದು ಬದಿಗಿಡುವುದು ಸುಲಭ. ಆದರೆ 380ರ ಮಥುರಾ ಸ್ತಂಭಶಾಸನದ ಪಕ್ಕದಲ್ಲಿಟ್ಟು ನೋಡಿದರೆ ಅದರ ಅರ್ಥ ಬೇರೆಯಾಗುತ್ತದೆ. ಅಲ್ಲಿ ಉದಿತಾಚಾರ್ಯನು ಲಕುಲೀಶನ ಶಿಷ್ಯ ಕುಶಿಕನಿಂದ ಹತ್ತನೆಯವನೆಂದು ಲೆಕ್ಕ ಕೊಡಲಾಗಿದೆ. ಲಕುಲೀಶನನ್ನು ಎರಡನೆಯ ಶತಮಾನದವನೆಂದು ಎಣಿಸಲು ಆಧಾರವಾದದ್ದೂ ಆ ಲೆಕ್ಕವೇ. ಹೆಂಜೇರಿನ ಶಾಸನಕ್ಕೆ ಅಂಥ ಎಣಿಕೆ ಬೇಕಾಗಿಲ್ಲ. ಎಂಟು ಶತಮಾನಗಳ ಅಂತರವನ್ನು ಅದು ಪುನರ್ಜನ್ಮದಿಂದ ಒಮ್ಮೆಗೇ ದಾಟುತ್ತದೆ. ಪರಂಪರೆಯೊಂದು ತನ್ನ ನೆನಪು ಕಡಿದುಹೋಗುವ ಸಾಧ್ಯತೆಯನ್ನು ಇಷ್ಟು ನೇರವಾಗಿ ಒಪ್ಪಿಕೊಂಡದ್ದು ಅಪರೂಪ.

ಮಠವೆಂದರೆ ಏನಿರುತ್ತಿತ್ತು ಎಂಬುದಕ್ಕೆ ಬಳ್ಳಿಗಾವಿಯ ಕೋಡಿಯಮಠದ 1162ರ ಶಾಸನವನ್ನು ನೋಡಬೇಕು: ವೇದ, ವ್ಯಾಕರಣ, ದರ್ಶನ, ಕಾವ್ಯ ನಾಟಕಗಳ ಪಾಠ; ಕುಂಟರು, ಕುರುಡರು, ದಿಕ್ಕಿಲ್ಲದವರಿಗೆ ಅನ್ನ; ರೋಗಿಗಳಿಗೆ ಚಿಕಿತ್ಸೆ. ಇಂಥ ಬದುಕಿಗೆ ಬೇಕಾದ ಕಟ್ಟಡಗಳು ಬಹುಶಃ ಮಣ್ಣು, ಮರಗಳವು. ಉಳಿಯುವುದು ದೇವರ ಕಲ್ಲುಮನೆ ಮಾತ್ರ. ಅದೂ ಪೂರ್ತಿಯಾಗಿ ಅಲ್ಲ: ನೊಳಂಬರ ಕಂಬಗಳ ಒಂದು ದೊಡ್ಡ ಸಾಲು ಈಗ ಕಾವೇರಿ ತೀರದ ತಿರುವೈಯಾರಿನ ಪಂಚನದೀಶ್ವರ ದೇವಾಲಯದಲ್ಲಿದೆ.

ಶಾಸನದ ಪಾಠಕ್ಕೂ ಇಂಥದೇ ವಲಸೆಯ ಗತಿ ಒದಗಿತು. ಆಗ ಮಡಕಶಿರಾ ಮದ್ರಾಸ್ ಪ್ರಾಂತದ ಅನಂತಪುರ ಜಿಲ್ಲೆಗೆ ಸೇರಿತ್ತು. ಆದರೂ ಪಾಠ ಅಚ್ಚಾದದ್ದು ಎಪಿಗ್ರಾಫಿಯಾ ಕರ್ನಾಟಿಕಾದ ತುಮಕೂರು ಸಂಪುಟದಲ್ಲಿ, ಶಿರಾ ತಾಲ್ಲೂಕಿನ 28ನೆಯ ಶಾಸನವಾಗಿ. ಆರ್. ಜಿ. ಭಂಡಾರ್ಕರ್ ಅವರು 1913ರ ತಮ್ಮ ಗ್ರಂಥದಲ್ಲಿ ಹೇಮಾವತಿಯನ್ನು ಮೈಸೂರು ಸೀಮೆಯದೆಂದೇ ಬರೆದರು. ರಾಜಕೀಯ ಭೂಪಟದಲ್ಲಿ ಇದು ತಪ್ಪು. ನೊಳಂಬರ ಕಾಲದ ಭೂಗೋಳದಲ್ಲಿ ಅಷ್ಟೇನೂ ತಪ್ಪಲ್ಲ. ಆಂಧ್ರದ ಶೈವ ಮಠಗಳ ಚರ್ಚೆಯಲ್ಲಿ ಮಲ್ಕಾಪುರದ 1261ರ ಗೋಳಕೀಮಠ ಶಾಸನಕ್ಕೆ ಸಿಕ್ಕಿರುವ ಗಮನ, ಅದಕ್ಕಿಂತ ಮೂರು ಶತಮಾನ ಹಿಂದಿನ ಈ ಶಾಸನಕ್ಕೂ ಸಲ್ಲಬೇಕಿತ್ತು.

ಊರಿನವರ ಭಕ್ತಿ ಈಗ ಮುಖ್ಯವಾಗಿ ಸಿದ್ಧೇಶ್ವರನಿಗೆ. ಗರ್ಭಗುಡಿಯಲ್ಲಿ ಲಿಂಗವಿಲ್ಲ, ಮನುಷ್ಯರೂಪದಲ್ಲಿ ಕುಳಿತ ಶಿವನಿದ್ದಾನೆ. ಹೆಂಜೇರಪ್ಪನೆಂಬುದೂ ಅವನದೇ ಹೆಸರು; ಗಡಿಯ ಎರಡೂ ಬದಿಯಲ್ಲಿ ಮಕ್ಕಳಿಗೆ ಆ ಹೆಸರಿಡುವುದುಂಟು.